‘ನೆತ್ತಿಗೆ ಹತ್ತಿತು’ ಅಂತ ಸುಮ್ಮನಿರಬೇಡಿ: ಅಡಿಕೆ ಚೂರು ಶ್ವಾಸನಾಳಕ್ಕೆ ಇಳಿದರೆ ಏನಾಗುತ್ತದೆ?

ಸಾಗರ: ಕೊನೆ ಕೊಯ್ಲು ಶುರುವಾದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಅಡಿಕೆ ಇಲ್ಲದ ಜಾಗವೇ ಇರಲ್ಲ. ಅಂಗಳದಲ್ಲಿ ಒಣಗಲು ಹರವಿದ್ದು, ಜಗಲಿಯಲ್ಲಿ ಸುಲಿಯಲು ಸುರಿದದ್ದು, ಮೆಟ್ಟುಗತ್ತಿ ಸುತ್ತ ಚೆಲ್ಲಿದ್ದು. ಅಂಬೆಗಾಲಿಡುವ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ. ಬಾಯಲ್ಲಿ ಚೂರು ಇರುವಾಗಲೇ ನಕ್ಕೋ ಅತ್ತೋ ಜೋರಾಗಿ ಉಸಿರೆಳೆದರೆ ಚೂರು ಒಳಗೆ ಹೋಗುತ್ತದೆ. ಒಂದೇ ಸಮ ಕೆಮ್ಮು, ಕಣ್ಣಲ್ಲಿ ನೀರು. ಮನೆಯವರು ನೆತ್ತಿ ತಟ್ಟಿ, ‘ನೆತ್ತಿಗೆ ಹತ್ತಿತು, ಯಾರೋ ನೆನೆಸ್ಕೊಂಡ್ರು’ ಅಂತಾರೆ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಲ್ಲುತ್ತದೆ, ಮಗು ಆಟಕ್ಕೆ ಇಳಿಯುತ್ತದೆ.

ತೊಂದರೆ ಇರುವುದು ಇಲ್ಲೇ. ಕೆಮ್ಮು ನಿಂತಿತು ಅಂದ ಮಾತ್ರಕ್ಕೆ ಚೂರು ಹೊರಗೆ ಬಂತು ಅಂತ ಅಲ್ಲ. ಅದು ನೆತ್ತಿಗೆ ಹತ್ತಿರುವುದಿಲ್ಲ, ಎದೆಯೊಳಗೆ ಇಳಿದು ಕೂತಿರಬಹುದು. ಹೇಗೆ ಅಂತ ತಿಳಿಯಲು ಉಸಿರು ಹೋಗುವ ದಾರಿಯನ್ನು ಒಮ್ಮೆ ನೋಡಬೇಕು.

ಒಂದೇ ಬಾಗಿಲು, ಎರಡು ದಾರಿ

ಗಂಟಲವರೆಗೆ ಗಾಳಿಗೂ ಅನ್ನಕ್ಕೂ ದಾರಿ ಒಂದೇ. ಅಲ್ಲಿಂದ ಮುಂದೆ ಎರಡಾಗುತ್ತದೆ: ಮುಂಭಾಗದಲ್ಲಿ ಶ್ವಾಸನಾಳ, ಅದರ ಬೆನ್ನಿಗೆ ಅಂಟಿಕೊಂಡಂತೆ ಅನ್ನನಾಳ. ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೆ ಏರುತ್ತದೆ, ಅದರ ಮೇಲಿನ ಎಲೆಯಂಥ ಮುಚ್ಚಳ ಬಾಗುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಗಂಟಲಿನ ಮೇಲೆ ಬೆರಳಿಟ್ಟು ಎಂಜಲು ನುಂಗಿದರೆ ಈ ಏರಿಳಿತ ಕೈಗೇ ಸಿಗುತ್ತದೆ. ಆ ಒಂದು ಕ್ಷಣ ಉಸಿರು ನಿಂತಿರುತ್ತದೆ. ಅದೇ ಕ್ಷಣಕ್ಕೆ ನಗು, ಮಾತು, ಅಳು ಸೇರಿಕೊಂಡರೆ ಲೆಕ್ಕ ತಪ್ಪುತ್ತದೆ.

ದೊಡ್ಡವರ ಶ್ವಾಸನಾಳ 10ರಿಂದ 12 ಸೆಂ.ಮೀ. ಉದ್ದ, ಹೆಚ್ಚುಕಡಿಮೆ ಹೆಬ್ಬೆರಳಿನ ದಪ್ಪ. ಗಾಳಿ ಎಳೆದಾಗ ಅದು ಮುದುಡಿಕೊಳ್ಳದಂತೆ 16ರಿಂದ 20 ಮೆದುಮೂಳೆಯ ಬಳೆಗಳು ಹಿಡಿದಿಟ್ಟಿವೆ. ಪೂರ್ತಿ ಬಳೆಗಳಲ್ಲ, ಹಿಂದೆ ಬಾಯಿ ತೆರೆದವು. ಹಿಂದೆಯೇ ಅನ್ನನಾಳ ಇರುವುದರಿಂದ ದೊಡ್ಡ ತುತ್ತು ಇಳಿಯುವಾಗ ಜಾಗ ಬೇಕಲ್ಲ! ಒಂದೆರಡು ವರ್ಷದ ಮಗುವಿನಲ್ಲಿ ಇದೇ ನಾಳದ ಅಗಲ ಒಂದು ಸೆಂ.ಮೀ. ಕೂಡ ಇಲ್ಲ. ಅಡಕತ್ತರಿಯಲ್ಲಿ ಕತ್ತರಿಸಿದ ಒಂದು ಹೋಳು ಅಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ಯೋಚಿಸಿ. ಸಾಲದ್ದಕ್ಕೆ ಆ ವಯಸ್ಸಿಗೆ ಅರೆಯುವ ದವಡೆ ಹಲ್ಲುಗಳೂ ಪೂರ್ತಿ ಬಂದಿರುವುದಿಲ್ಲ.

ಬಲಗಡೆಗೇ ಯಾಕೆ?

ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಾಡಿಸಿದರೆ ಅಡ್ಡಕ್ಕೆ ಒಂದು ಸಣ್ಣ ಉಬ್ಬು ಸಿಗುತ್ತದೆ. ಸುಮಾರು ಅದೇ ಮಟ್ಟದಲ್ಲಿ, ಒಳಗೆ, ಶ್ವಾಸನಾಳ ಎರಡು ಕವಲಾಗುತ್ತದೆ. ಎರಡೂ ಒಂದೇ ಥರ ಇಲ್ಲ. ಎಡಗಡೆ ಹೃದಯಕ್ಕೂ ಮಹಾಪಧಮನಿಗೂ ಜಾಗ ಬಿಡಬೇಕಾದ್ದರಿಂದ ಎಡ ಕವಲು ತೆಳ್ಳಗೆ, ಸುಮಾರು 5 ಸೆಂ.ಮೀ. ಉದ್ದ, ಓರೆಯಾಗಿ ಹೋಗುತ್ತದೆ. ಬಲ ಕವಲು ಅಗಲ, ಗಿಡ್ಡ (ಸುಮಾರು ಎರಡೂವರೆ ಸೆಂ.ಮೀ.), ಹೆಚ್ಚುಕಡಿಮೆ ನೇರ ಕೆಳಕ್ಕೆ. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡೇ. ತೋಟಕ್ಕೆ ನೀರು ತರುವ ಪೈಪಿನಲ್ಲಿ ಒಂದು ಕವಲು ನೇರ, ಇನ್ನೊಂದು ಓರೆ ಇದ್ದರೆ ಕಸ ನೇರ ಇದ್ದ ಕಡೆಗೇ ಹೋಗುತ್ತದಲ್ಲ, ಇಲ್ಲೂ ಹಾಗೇ. ದೊಡ್ಡವರಲ್ಲಿ ಜಾರಿದ ವಸ್ತು ಹೆಚ್ಚಾಗಿ ಬಲಕ್ಕೆ ಇಳಿಯುತ್ತದೆ. ಸಣ್ಣ ಮಕ್ಕಳಲ್ಲಿ ಈ ವ್ಯತ್ಯಾಸ ಅಷ್ಟು ಇರುವುದಿಲ್ಲ, ಎಡಕ್ಕೆ ಹೋಗುವುದೂ ಅಪರೂಪವಲ್ಲ.

ಅಲ್ಲಿಂದ ಮುಂದೆ ಮರದ ಕೊಂಬೆಯಂತೆ ಕವಲಿಗೆ ಕವಲು, ಒಟ್ಟು ಸುಮಾರು 23 ಸಲ. ತುದಿಯಲ್ಲಿ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳು, ಸಾಮಾನ್ಯವಾಗಿ ಹೇಳುವ ಲೆಕ್ಕ 30 ಕೋಟಿ. ರಕ್ತಕ್ಕೆ ಆಮ್ಲಜನಕ ಸೇರುವುದು ಅಲ್ಲಿ. ಅಡಿಕೆ ಚೂರು ಅಷ್ಟು ಆಳಕ್ಕೆ ಹೋಗಲ್ಲ. ದೊಡ್ಡ ಕವಲುಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೆ ಒಂದು ದೊಡ್ಡ ಕವಲು ಕಟ್ಟಿದರೆ ಅದರ ಕೆಳಗಿನ ಗಾಳಿಚೀಲಗಳಿಗೆಲ್ಲ ತೊಂದರೆ.

ಕೆಮ್ಮು ಯಾಕೆ ನಿಲ್ಲುತ್ತದೆ?

ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳ ಕವಲಾಗುವ ಜಾಗ ಬಹಳ ಸೂಕ್ಷ್ಮ. ಏನೇ ತಗಲಿದರೂ ಕೆಮ್ಮು ಬರುತ್ತದೆ. ಚೂರು ಅದನ್ನು ದಾಟಿ ಒಂದು ಕವಲಲ್ಲಿ ಗಟ್ಟಿಯಾಗಿ ಕೂತರೆ ಒಳಪದರ ಅದಕ್ಕೆ ಒಗ್ಗಿಕೊಳ್ಳುತ್ತದೆ, ಕೆಮ್ಮು ತಣ್ಣಗಾಗುತ್ತದೆ. ಈ ಸುಮ್ಮನಿರುವ ಕಾಲ ಗಂಟೆಗಳೂ ಆಗಬಹುದು, ವಾರಗಳೂ ಆಗಬಹುದು. ಆಮೇಲೆ ಒಳಪದರ ಊದಿಕೊಂಡು ಮತ್ತೆ ಕೆಮ್ಮು, ಗೊರಗೊರ ಸದ್ದು, ಜ್ವರ. ಅಷ್ಟರಲ್ಲಿ ಮನೆಯವರಿಗೆ ಆವತ್ತಿನ ಘಟನೆ ಮರೆತೇ ಹೋಗಿರುತ್ತದೆ. ಕಫ, ಉಬ್ಬಸ, ನ್ಯುಮೋನಿಯಾ ಅಂತ ಔಷಧಿ ನಡೆಯುತ್ತದೆ, ಸ್ವಲ್ಪ ಕಡಿಮೆಯಾಗಿ ಮತ್ತೆ ಬರುತ್ತದೆ. ಪ್ರತಿ ಸಲ ಒಂದೇ ಕಡೆ ಬರುವ ನ್ಯುಮೋನಿಯಾ, ಒಂದೇ ಪಕ್ಕದಲ್ಲಿ ಕೇಳುವ ಸಿಳ್ಳೆ ಸದ್ದು ಇದ್ದರೆ ವೈದ್ಯರಿಗೆ ಅನುಮಾನ ಬರಬೇಕಾದ್ದೇ.

ಎಕ್ಸ್‌ರೇ ತೆಗೆಸಿದ್ದೇವೆ, ಏನೂ ಇಲ್ಲ ಅಂದರು ಎನ್ನುವುದೂ ಇದೆ. ನಾಣ್ಯ, ಪಿನ್ನು ಎಕ್ಸ್‌ರೇಯಲ್ಲಿ ಕಾಣುತ್ತವೆ. ಅಡಿಕೆ, ಶೇಂಗಾ, ಹುಣಸೆ ಬೀಜ ಸಾಮಾನ್ಯವಾಗಿ ಕಾಣಲ್ಲ. ಕಂಡರೆ ಕಾಣುವುದು ಅವುಗಳ ಪರಿಣಾಮ. ಉಸಿರೆಳೆದಾಗ ನಾಳ ಹಿಗ್ಗುತ್ತದೆ, ಚೂರಿನ ಪಕ್ಕದಿಂದ ಗಾಳಿ ಒಳಗೆ ನುಗ್ಗುತ್ತದೆ. ಬಿಡುವಾಗ ನಾಳ ಕುಗ್ಗಿ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಪಂಪಿನ ಒನ್‌ವೇ ವಾಲ್ವ್ ಇದ್ದ ಹಾಗೆ. ಆ ಕಡೆಯ ಶ್ವಾಸಕೋಶ ಉಬ್ಬಿ ಕಾಣುತ್ತದೆ. ಪೂರ್ತಿ ಕಟ್ಟಿದ್ದರೆ ಉಲ್ಟಾ, ಗಾಳಿ ಇಲ್ಲದೆ ಮುದುಡುತ್ತದೆ. ಮೊದಲ ದಿನ ಎರಡೂ ಇಲ್ಲದೆ ಎಕ್ಸ್‌ರೇ ಸರಿಯಾಗೇ ಇರಬಹುದು.

ಹೊರತೆಗೆಯುವ ದಾರಿ ಬ್ರಾಂಕೋಸ್ಕೋಪಿ. ಮಕ್ಕಳಿಗೆ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಕೊಳವೆ ಇಳಿಸಿ, ಚಿಮುಟದಲ್ಲಿ ಹಿಡಿದು ತೆಗೆಯುತ್ತಾರೆ. 1897ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಗುಸ್ತಾವ್ ಕಿಲಿಯನ್ ಎಂಬ ವೈದ್ಯ ಮೊದಲ ಬಾರಿಗೆ ಇದನ್ನು ಮಾಡಿದ್ದು ಒಬ್ಬ ರೈತನ ಮೇಲೆ. ಸಿಕ್ಕಿಕೊಂಡಿದ್ದು ಮಾಂಸದ ಮೂಳೆ, ಜಾಗ ಅದೇ ಬಲ ಕವಲು.

ಕವಳ ಹಾಕಿಕೊಂಡು ಮಲಗುವವರು

ಮಕ್ಕಳಷ್ಟೇ ಅಲ್ಲ. ಹಲ್ಲು ಹೋದ ಹಿರಿಯರು ಕವಳ ದವಡೆಗೆ ಒತ್ತಿಕೊಂಡು ಹಾಗೇ ಮಲಗುವುದು ಈ ಕಡೆ ಮಾಮೂಲಿ. ನಿದ್ದೆಯಲ್ಲಿ, ಅದರಲ್ಲೂ ಕುಡಿದಿದ್ದರೆ ಅಥವಾ ಪಾರ್ಶ್ವವಾಯು ಆಗಿದ್ದರೆ, ಗಂಟಲಿನ ಕಾವಲು ಸಡಿಲ. ಅಂಗಾತ ಮಲಗಿದವರಲ್ಲಿ ಜಾರಿದ್ದು ಶ್ವಾಸಕೋಶದ ಹಿಂಭಾಗಕ್ಕೆ ಸೇರುತ್ತದೆ. ವಾರಗಟ್ಟಲೆ ಕೆಮ್ಮಿದರೆ ವಯಸ್ಸಾಯ್ತು ಅಂತ ಬಿಡುತ್ತಾರೆ. (ಅಡಿಕೆ ಮತ್ತು ಕ್ಯಾನ್ಸರ್ ಚರ್ಚೆ ಬೇರೆಯೇ, ಇಲ್ಲಿ ಮಾತು ಉಸಿರಿನ ದಾರಿಯದ್ದು.)

ಆ ಕ್ಷಣಕ್ಕೆ ಏನು ಮಾಡಬೇಕು?

ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡಿ. ಗಾಳಿ ಆಡುತ್ತಿದೆ ಎಂದರ್ಥ. ನೆತ್ತಿ ತಟ್ಟುವುದರಿಂದ ಕೆಡುಕಿಲ್ಲ, ಉಪಯೋಗವೂ ಇಲ್ಲ. ನೀರು, ಬಾಳೆಹಣ್ಣು, ಅನ್ನದ ಉಂಡೆ ಕೊಡಬೇಡಿ, ಅವು ಹೋಗುವುದು ಬೇರೆ ದಾರಿಯಲ್ಲಿ. ಕಾಣದ ಚೂರಿಗೆ ಬಾಯೊಳಗೆ ಬೆರಳು ಹಾಕಿದರೆ ಅದು ಇನ್ನೂ ಕೆಳಗೆ ಹೋಗುತ್ತದೆ.

ಸದ್ದೇ ಇಲ್ಲದೆ ಬಾಯಿ ತೆರೆದು ಒದ್ದಾಡುತ್ತಿದ್ದರೆ, ತುಟಿ ನೀಲಿಯಾಗುತ್ತಿದ್ದರೆ ಕಾಯುವಂತಿಲ್ಲ. ಒಬ್ಬರು 108ಕ್ಕೆ ಕರೆ ಮಾಡಲಿ. ವರ್ಷ ತುಂಬದ ಮಗುವಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಎರಡು ಹೆಗಲ ನಡುವೆ ಅಂಗೈ ಬುಡದಿಂದ 5 ಪೆಟ್ಟು. ಆಮೇಲೆ ಅಂಗಾತ ತಿರುಗಿಸಿ ಎದೆಮೂಳೆಯ ಮೇಲೆ 5 ಸಲ ಒತ್ತು. ದೊಡ್ಡ ಮಕ್ಕಳು, ದೊಡ್ಡವರಾದರೆ ಮುಂದಕ್ಕೆ ಬಾಗಿಸಿ ಬೆನ್ನಿಗೆ 5 ಪೆಟ್ಟು. ಆಗದಿದ್ದರೆ ಹಿಂದೆ ನಿಂತು ಹೊಕ್ಕುಳಿನ ಮೇಲ್ಗಡೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಎಳೆತ. ಗರ್ಭಿಣಿಯರಿಗೆ ಹೊಟ್ಟೆ ಬೇಡ, ಎದೆ ಮೇಲೆ. ಚೂರು ಹೊರಬರುವ ತನಕ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಬೇಕು. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಸಿಪಿಆರ್ ಶುರು ಮಾಡಬೇಕು.

ಈ ಮೂರು ತಾಲ್ಲೂಕಿನಲ್ಲಿ ದೂರವೂ ಒಂದು ಲೆಕ್ಕ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ತುಮರಿ ಕಡೆಯವರಿಗೆ ಲಾಂಚ್ ಕಾಯುವ ಕಷ್ಟ ತಪ್ಪಿದೆ ನಿಜ. ಆದರೂ ಸಾಗರಕ್ಕೆ ಬಂದ ಮೇಲೆ ಶಿವಮೊಗ್ಗಕ್ಕೆ ಮತ್ತೆ ಸುಮಾರು 70 ಕಿ.ಮೀ. ತೀರ್ಥಹಳ್ಳಿಯವರಿಗೆ ಒಂದು ಕಡೆ ಶಿವಮೊಗ್ಗ, ಇನ್ನೊಂದು ಕಡೆ ಆಗುಂಬೆ ಘಾಟಿ ಇಳಿದು ಮಣಿಪಾಲ. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಉಸಿರು ಸ್ಥಿರವಾಗಿದೆಯೇ ನೋಡಿಸಿ. ಮಕ್ಕಳ ಬ್ರಾಂಕೋಸ್ಕೋಪಿ ಎಲ್ಲ ಕಡೆ ಇರಲ್ಲ, ಎಲ್ಲಿ ಇದೆ ಅಂತ ಅಲ್ಲಿಂದಲೇ ಫೋನ್ ಮಾಡಿಸಿ ಹೊರಡುವುದು ಒಳ್ಳೆಯದು.

ಮತ್ತೆ ವೈದ್ಯರ ಮುಂದೆ ಕೂತಾಗ ‘ಕೆಮ್ಮು’ ಅಂತಷ್ಟೇ ಹೇಳಬೇಡಿ. ‘ಇಂಥ ದಿನ ಅಡಿಕೆ ಬಾಯಿಗೆ ಹಾಕ್ಕೊಂಡಿತ್ತು, ಆಗ ಏಕಾಏಕಿ ಕೆಮ್ಮು ಬಂದು ನಿಂತ್ಹೋಯ್ತು’ ಅಂತ ಹೇಳಿ. ಸಾಧ್ಯವಾದರೆ ಅಂಥದ್ದೇ ಒಂದು ಹೋಳನ್ನು ಜೊತೆಗೆ ಒಯ್ಯಿರಿ. ಯಾವ ಅಳತೆಯ ಚಿಮುಟ ಬೇಕು ಅಂತ ನೋಡಲು ಅದೂ ಉಪಯೋಗಕ್ಕೆ ಬರುತ್ತದೆ.