ಕರೆಂಟ್ ಹೋದ್ರೆ ಸಿಗ್ನಲ್ ಯಾಕೆ ಹೋಗ್ಬೇಕು?

ದೇವರಾಯನದುರ್ಗದಲ್ಲಿ ಯೋಗಾನರಸಿಂಹನ ದರ್ಶನ ಮುಗಿಸಿ ಇಳಿಯುವಾಗ ಜೊತೆಗಿದ್ದವರಿಗೆ ಎದೆನೋವು ಬಂತು ಅಂದ್ಕೊಳ್ಳಿ. 108ಕ್ಕೆ ಫೋನ್ ಮಾಡಬೇಕು. ಮಳೆಗೆ ಕರೆಂಟ್ ಹೋಗಿದೆ. ಟವರ್‌ನ ಬ್ಯಾಟರಿ ಕೆಲವು ಗಂಟೆ ತಡೆಯುತ್ತೆ, ಆಮೇಲೆ ಡೀಸೆಲ್ ಜನರೇಟರ್. ಡೀಸೆಲ್ಲೂ ಖಾಲಿಯಾದ್ರೆ? ಕೈಯಲ್ಲಿರೋ ಫೋನು ಬರೀ ಟಾರ್ಚು!

ಇದಕ್ಕೇ ಹೈಬ್ರಿಡ್ ವ್ಯವಸ್ಥೆ ಬೇಕಿರೋದು. ಟವರ್‌ನ ಉಪಕರಣಗಳು ನಡೆಯೋದು 48 ವೋಲ್ಟ್ ಡಿಸಿಯಲ್ಲಿ, ಅಂದರೆ ಬ್ಯಾಟರಿ ಕೊಡುವಂಥ ಕರೆಂಟ್‌ನಲ್ಲಿ. ಸೋಲಾರ್ ಫಲಕ ಕೊಡೋದೂ ಡಿಸಿಯೇ. ಹಾಗಾಗಿ ಮನೆಗೆ ಬೇಕಾದ ಇನ್ವರ್ಟರ್ ಇಲ್ಲಿ ಬೇಡ, ವೋಲ್ಟೇಜ್ ಹೊಂದಿಸುವ ಕಂಟ್ರೋಲರ್ ಸಾಕು. ಮೊದಲು ಬಿಸಿಲು, ಮಿಕ್ಕಿದ್ದು ಬ್ಯಾಟರಿಗೆ, ಡೀಸೆಲ್ ಕಟ್ಟಕಡೆಗೆ. ಆಷಾಢದಲ್ಲಿ ಮೋಡ ಕವಿದ್ರೆ? ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟದ ಮೇಲೆ ಆಗ ಗಾಳಿ ಜೋರು. ಸಣ್ಣದೊಂದು ಗಾಳಿಯಂತ್ರ ಆ ಕೊರತೆಯನ್ನು ಒಂದಿಷ್ಟು ತುಂಬಬಲ್ಲದು.

2012ರಲ್ಲೇ ಕೇಂದ್ರದ ದೂರಸಂಪರ್ಕ ಇಲಾಖೆ ಹೇಳಿತ್ತು: ಹಳ್ಳಿಗಳ ಟವರ್‌ಗಳಲ್ಲಿ 2015ರೊಳಗೆ ಅರ್ಧ, 2020ರೊಳಗೆ ಮುಕ್ಕಾಲು ಪಾಲು ಹೈಬ್ರಿಡ್ ಆಗಬೇಕು ಅಂತ. ನೋಡಿ, ಇದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಒಂದು ಟವರ್‌ಗೆ ಬೇಕಿರೋದು ಕೆಲವೇ ಕಿಲೋವ್ಯಾಟ್. ನಿಮ್ಮೂರಿನ ಟವರ್ ಬುಡದಲ್ಲಿ ಫಲಕ ಕಂಡಿದೀರಾ? ನನಗಂತೂ ಇನ್ನೂ ಜನರೇಟರ್ ಸದ್ದೇ ಕೇಳ್ತಿದೆ.