ಕ್ಯಾಬಿನೆಟ್ ಕೊಳ್ಳೋ ಮುಂಚೆ ಈ ಮೂರು ಅಳತೆ ನೋಡಿ

ಲಕ್ಷಗಟ್ಟಲೆ ಸುರಿದು ಗ್ರಾಫಿಕ್ಸ್ ಕಾರ್ಡ್ ತಂದ್ರಿ. ಅದು ಕ್ಯಾಬಿನೆಟ್ ಒಳಗೆ ಕೂರದಿದ್ರೆ?

ಡಬ್ಬದ ಮೇಲೆ ‘ಎಟಿಎಕ್ಸ್ ಮಿಡ್ ಟವರ್’ ಅಂತ ಇದ್ರೆ ಸಾಲದು. 305ಕ್ಕೆ 244 ಮಿಲಿಮೀಟರಿನ ಮದರ್‌ಬೋರ್ಡ್ ಹಿಡಿಯುತ್ತೆ ಅಂತಷ್ಟೇ ಅದರ ಅರ್ಥ. ಉಳಿದಿದ್ದನ್ನ ನೀವೇ ಅಳೀಬೇಕು.

ಒಂದು, ಕಾರ್ಡಿನ ಉದ್ದ. ಎನ್‌ವಿಡಿಯಾದ ಆರ್‌ಟಿಎಕ್ಸ್ 5090 ಫೌಂಡರ್ಸ್ ಎಡಿಷನ್ 304 ಮಿ.ಮೀ. ಬೇರೆ ಕಂಪನಿಗಳ ಮೂರು ಫ್ಯಾನಿನ ಕಾರ್ಡುಗಳಲ್ಲಿ ಕೆಲವು 350 ದಾಟ್ತವೆ. ಮುಂದುಗಡೆ ರೇಡಿಯೇಟರ್ ಹಾಕ್ತೀರಾ? ರೇಡಿಯೇಟರ್ 27, ಫ್ಯಾನ್ 25, ಒಟ್ಟು 52 ಮಿ.ಮೀ. ಹೋಯ್ತು. ಖಾಲಿ ಜಾಗ 400 ಇದ್ರೆ ಕಾರ್ಡಿಗೆ ಉಳಿಯೋದು 348.

ಎರಡು, ಕೂಲರಿನ ಎತ್ತರ. ನಾಕ್ಟುವಾ ಎನ್‌ಎಚ್-ಡಿ15 ಎತ್ತರ 165 ಮಿ.ಮೀ. ಕ್ಯಾಬಿನೆಟ್ 160 ಅಂದಿದ್ರೆ ಪಕ್ಕದ ಗಾಜು ಮುಚ್ಚೋದೇ ಇಲ್ಲ.

ಮೂರು, ಜನ ಮರೆಯೋದು ಇದನ್ನೇ: ಕಾರ್ಡಿನ ಅಂಚಿಂದ ಗಾಜಿನವರೆಗಿನ ಅಂತರ. ಪವರ್ ಕೇಬಲ್ ಕನೆಕ್ಟರಿಂದ 35 ಮಿ.ಮೀ. ನೆಟ್ಟಗೆ ಬಂದು ಆಮೇಲೆ ಬಾಗಬೇಕು. ಬುಡದಲ್ಲೇ ಮಡಚಿದ್ರೆ ಕನೆಕ್ಷನ್ ಸಡಿಲವಾಗಿ, ಪಿನ್ ಕಾದು, ಪ್ಲಾಸ್ಟಿಕ್ ಕರಗಬಹುದು.

ಹಾಗಂತ ಇರೋದ್ರಲ್ಲೇ ದೊಡ್ಡದು ಬೇಕಾ? ಬೇಡ. ಗಾಳಿಗೆ ದಾರಿ ಮುಖ್ಯ. ಮುಂದೆ ಪೂರ್ತಿ ಗಾಜು ಮುಚ್ಚಿರೋ ಫುಲ್ ಟವರ್‌ಗಿಂತ ಜಾಲರಿ ಇರೋ ಮಿಡ್ ಟವರೇ ತಂಪಾಗಿರಬಹುದು.

ಕಾರ್ಡ್, ಕೂಲರ್, ಕ್ಯಾಬಿನೆಟ್, ಮೂರರ ಅಳತೆನೂ ಪಕ್ಕಪಕ್ಕ ಬರ್ಕೊಳ್ಳಿ. 20 ಮಿ.ಮೀ. ಹೆಚ್ಚಿಗೆ ಬಿಡಿ. ಆಮೇಲೆ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗೆ ಹೊರಡಿ.