ಹಳೆ ಬಾಗಿಲ ಬಣ್ಣ ಕೆರೆಯುವ ಮುನ್ನ

ಮೈಲಾರದ ಜಾತ್ರೆ, ಕೊಟ್ಟೂರಿನ ತೇರು ಹತ್ತಿರವಾದಂತೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಸುಣ್ಣಬಣ್ಣದ ಸಡಗರ ಶುರುವಾಗುತ್ತದೆ. ಸುಣ್ಣದ ಗೋಡೆಯ ಬಗ್ಗೆ ಇಲ್ಲಿ ಚಿಂತೆಯಿಲ್ಲ. ಚಿಂತೆ ಇರುವುದು ಹಳೆಯ ಮಾಳಿಗೆ ಮನೆಯ ಬಾಗಿಲು, ಕಂಬ, ಕಿಟಕಿ ಸರಳುಗಳಿಗೆ ಅಜ್ಜನ ಕಾಲದಿಂದ ಪದರ ಪದರವಾಗಿ ಬಳಿದ ಆಯಿಲ್ ಪೇಂಟಿನದು. ಅದರಲ್ಲಿ ಸೀಸ ಇರಬಹುದು. ಹಳದಿ, ಕಿತ್ತಳೆ, ಹಸಿರು ಬಣ್ಣಗಳಲ್ಲಿ ಅದರ ಸಾಧ್ಯತೆ ಇನ್ನೂ ಹೆಚ್ಚು.

ಬಣ್ಣ ಏಳದೆ ಗಟ್ಟಿಯಾಗಿ ಕೂತಿರುವವರೆಗೆ ಅಪಾಯ ಕಡಿಮೆ. ಒಣ ಬಣ್ಣವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿದಾಗ, ಬೆಂಕಿ ಹಾಯಿಸಿ ಕೆರೆದಾಗ ಸೀಸವು ಧೂಳಾಗಿ, ಹೊಗೆಯಾಗಿ ಮನೆ ತುಂಬುತ್ತದೆ. ಪಡಸಾಲೆಯಲ್ಲಿ ಅಂಬೆಗಾಲಿಡುವ ಕೂಸು ಆ ನೆಲ ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ ಕಾಣಿಸಬಹುದು. ಎಷ್ಟೋ ಸಲ ಹೊರಗೆ ಏನೂ ಕಾಣದೆಯೇ ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಮಗ ಓದಿನಲ್ಲಿ ಹಿಂದೆ ಎಂದು ಬೈಯುವ ತಂದೆಗೆ ಬಾಗಿಲ ಬಣ್ಣದ ನೆನಪು ಎಲ್ಲಿ ಬರಬೇಕು? ಗರ್ಭಿಣಿಯ ರಕ್ತದಿಂದ ಹೊಟ್ಟೆಯಲ್ಲಿರುವ ಶಿಶುವಿಗೂ ಸೀಸ ದಾಟುತ್ತದೆ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಬಗ್ಗೆ 1990ರ ದಶಕದಿಂದಲೇ ಎಚ್ಚರಿಸುತ್ತ ಬಂದವರು. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ರೂಪಿಸಿತು. ಅದರಂತೆ 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು. ಆದರೆ ಇದು ಡಬ್ಬಿಯೊಳಗಿನ ಹೊಸ ಬಣ್ಣದ ಮಾತು. ಹಳೆ ಬಣ್ಣ ಕೆರೆಯುವ ಗುತ್ತಿಗೆದಾರರಿಗೆ ಈ ನಿಯಮ ಅನ್ವಯಿಸದು. ಅಮೆರಿಕದಲ್ಲಿ 1978ಕ್ಕಿಂತ ಹಿಂದಿನ ಮನೆಗಳಲ್ಲಿ ಇಂಥ ಕೆಲಸ ಮಾಡುವ ಗುತ್ತಿಗೆದಾರರು 2010ರಿಂದ ತರಬೇತಿ ಪಡೆದಿರಲೇಬೇಕು. ನಮ್ಮಲ್ಲಿ ಮನೆಯವರೇ ಮುಂದೆ ನಿಂತು ಹೇಳಿ ಮಾಡಿಸಬೇಕು.

ಬಣ್ಣ ಗಟ್ಟಿಯಾಗಿದ್ದರೆ ಕೆರೆಯದೆ ಅದರ ಮೇಲೆಯೇ ಹೊಸದನ್ನು ಬಳಿಸುವುದು ಲೇಸು. ಕೆರೆಯಲೇಬೇಕಾದರೆ ನೀರು ಚಿಮುಕಿಸಿ, ಒದ್ದೆ ಮಾಡಿಯೇ ಕೆರೆಯಲಿ. ಅಷ್ಟು ದಿನ ಮಕ್ಕಳೂ ಗರ್ಭಿಣಿಯರೂ ಬೇರೆ ಮನೆಯಲ್ಲಿರಲಿ. ಕಾಳುಕಡಿ, ಕುಡಿಯುವ ನೀರನ್ನು ಒಳಗೆ ಸಾಗಿಸಿ, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ. ಕೆಲಸ ಮುಗಿದ ಮೇಲೆ ಕಸಬರಿಗೆ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಪೇಂಟರೂ ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿಕೊಂಡು, ಕೈ ತೊಳೆದೇ ಊಟಕ್ಕೆ ಕೂರಲಿ. ಅವರ ಬಟ್ಟೆಯ ಧೂಳು ಅವರ ಮಕ್ಕಳಿಗೂ ತಗಲುತ್ತದೆ. ಕಿತ್ತು ಹಾಕಿದ ಬಣ್ಣದ ಚೌಕಟ್ಟನ್ನು ಸೌದೆಯೆಂದು ನೀರೊಲೆಗೆ ಹಾಕುವುದುಂಟು. ಅದು ಬೇಡ, ಆ ಬೂದಿಯಿಂದ ಪಾತ್ರೆ ತಿಕ್ಕುವುದಂತೂ ಬೇಡವೇ ಬೇಡ.

ಮಗು ಬಣ್ಣದ ಚಕ್ಕೆ ತಿಂದಿದ್ದರೆ ವೈದ್ಯರಿಗೆ ಅದನ್ನೇ ಮೊದಲು ಹೇಳಿ. ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆಯಿಂದ ತಿಳಿಯಬಹುದು.